ಮಾಳಿಗೆ ಕಸುಬು ಬಲ್ಲವರಿಗೂ ಮನ್ನಣೆ ಸಿಗಲಿ

(ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿ ತಾಲೂಕುಗಳ ಮಹಿಳಾ ಸ್ವ-ಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೊಲ-ಮನಿ ಕೆಲಸ ಬದಿಗಿಟ್ಟು, ಕೆಲವರು ಮೆಣಸಿನಕಾಯಿ ತೊಟ್ಟು ಬಿಡಿಸುವ ಒಂದು ದಿನದ ಕೂಲಿಯನ್ನೂ ಬಿಟ್ಟು ಇಲ್ಲಿಗೆ ಬಂದಿದ್ದೀರಿ. ಹಾಗಾಗಿ ನಿಮಗೆ ಉಪಯೋಗ ಆಗುವ ಮಾತನ್ನೇ ಆಡಬೇಕು.

ಸಂಘದ ಸಭೆ ಎಂದರೆ ಉಳಿತಾಯ, ಸಾಲ, ಮರುಪಾವತಿ ಇದ್ದದ್ದೇ. ಇವತ್ತು ಅದನ್ನು ಬಿಟ್ಟು ನಮ್ಮ ತಲೆ ಮೇಲಿನ ಸೂರಿನ ಬಗ್ಗೆ ಮಾತಾಡೋಣ. ಮಾಳಿಗೆ ಹಾಕುವವರು, ಹೆಂಚು ಹೊದಿಸುವವರು, ಗುಡಿಸಲಿಗೆ ಹುಲ್ಲು ಕಟ್ಟುವವರು, ಇವರ ಕಸುಬಿಗೆ ಮನ್ನಣೆ ಸಿಗಬೇಕೋ ಬೇಡವೋ? ಸಿಗಬೇಕಾದರೆ ಅದು ಎಂಥ ಮನ್ನಣೆ ಆಗಿರಬೇಕು? ಇದೇ ಇವತ್ತಿನ ವಿಷಯ.

ಊರಲ್ಲಿ ಯಾರಿಗೆಲ್ಲ ಸನ್ಮಾನ ಆಗುತ್ತದೆ, ನೆನಪು ಮಾಡಿಕೊಳ್ಳಿ. ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳಿಗೆ, ನಿವೃತ್ತರಾದ ಶಿಕ್ಷಕರಿಗೆ, ಭಜನೆ-ಡೊಳ್ಳಿನ ಮೇಳದವರಿಗೆ. ಇದೆಲ್ಲ ಒಳ್ಳೆಯದೇ. ಆದರೆ ನಲವತ್ತು ವರ್ಷ ಊರ ಮಾಳಿಗೆಗಳ ಮೇಲೆ ಹತ್ತಿ ಇಳಿದು, ಯಾರ ಮನೆಯೂ ಸೋರದಂತೆ ನೋಡಿಕೊಂಡ ಅಜ್ಜನಿಗೆ ಯಾರಾದರೂ ಶಾಲು ಹೊದಿಸಿದ್ದನ್ನು ನೋಡಿದ್ದೀರಾ? ಅವನ ಜೋಡಿ ಮಣ್ಣು ಕಲಸಿ, ಬುಟ್ಟಿ ಹೊತ್ತು ಮೇಲೆ ಕೊಟ್ಟ ಅವನ ಹೆಂಡತಿಯ ಹೆಸರು ಯಾರಿಗಾದರೂ ಗೊತ್ತೇ?

ಮಾಳಿಗೆಯೊಳಗಿನ ವಿದ್ಯೆ

"ಮಣ್ಣಿನ ಮನಿ ಅಂದ್ರ ಬಡವರ ಮನಿ, ಅದರಾಗ ಕಲಿಯೂದೇನೈತ್ರಿ?" ಎಂದು ನಮ್ಮಲ್ಲೇ ಅನೇಕರು ಕೇಳುತ್ತಾರೆ. ಸರ್ಕಾರಿ ಲೆಕ್ಕದಲ್ಲೂ ಅದಕ್ಕೆ 'ಕಚ್ಚಾ ಮನೆ' ಎಂದೇ ಹೆಸರು. ಆದರೆ ಮಾಳಿಗೆಯನ್ನು ಒಂದೊಂದೇ ಪದರ ಬಿಚ್ಚಿ ನೋಡಿದರೆ ಅದರೊಳಗಿನ ವಿದ್ಯೆ ಕಾಣುತ್ತದೆ.

ಗೋಡೆ, ಕಂಬಗಳ ಮೇಲೆ ತೊಲೆ. ತೊಲೆಯ ಮೇಲೆ ಜಂತಿ. ಜಂತಿಯ ಮೇಲೆ ಒತ್ತೊತ್ತಾಗಿ ಕಟ್ಟಿಗೆಯ ಸೀಳು ಇಲ್ಲವೆ ಬಿದಿರು. ಅದರ ಮೇಲೆ ಸೊಪ್ಪು-ಸದೆ. ಬೇವಿನ ಸೊಪ್ಪು ಹಾಕಿದರೆ ಹುಳದ ಕಾಟ ಕಡಿಮೆ ಎಂದು ಹಿರಿಯರು ಹೇಳುತ್ತಾರೆ. ಅದರ ಮೇಲೆ ಹದ ಮಾಡಿದ ಮಣ್ಣು ಹರಡಿ ದಮ್ಮಸು ಮಾಡಬೇಕು. ಎಲ್ಲಕ್ಕಿಂತ ಮೇಲೆ ತೆಳುವಾಗಿ ಸವಳು ಮಣ್ಣು. ನೀರು ಒಂದು ಕಡೆಗೆ ಹರಿದು ದೋಣಿಯಿಂದ ಹೊರಗೆ ಬೀಳುವಂತೆ ಇಳಿಜಾರು ಕೊಡಬೇಕು. ಇಳಿಜಾರು ಕಡಿಮೆಯಾದರೆ ನೀರು ನಿಲ್ಲುತ್ತದೆ, ಹೆಚ್ಚಾದರೆ ಮಣ್ಣೇ ಕೊಚ್ಚಿ ಹೋಗುತ್ತದೆ. ಇದನ್ನು ಅಳೆಯುವ ಪಟ್ಟಿ ಆ ಅಜ್ಜನ ಕಣ್ಣಿನಲ್ಲೇ ಇದೆ.

ಈ ಸವಳು ಮಣ್ಣಿನ ಗುಣ ಕೇಳಿ. ಬೇಸಿಗೆಯಲ್ಲಿ ಮೇಲೆ ಬಿಳಿ ಪುಡಿ ಎದ್ದು ನಿಲ್ಲುವ ಮಣ್ಣು ಇದು. ಹಿಂದೆ ಬಟ್ಟೆ ಒಗೆಯಲಿಕ್ಕೂ ಬಳಸುತ್ತಿದ್ದರು. ಹೊಲದಲ್ಲಿ ಸವಳು ಎದ್ದರೆ ರೈತ ತಲೆ ಮೇಲೆ ಕೈ ಹೊತ್ತು ಕೂಡುತ್ತಾನೆ, ಯಾಕೆಂದರೆ ಅಲ್ಲಿ ನೀರು ಇಂಗುವುದಿಲ್ಲ, ಪೀಕು ಬರುವುದಿಲ್ಲ. ಆ ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ನೀರು ತಾಗಿದ ಕೂಡಲೇ ಅದರ ನುಣ್ಣನೆಯ ಕಣಗಳು ಬಿಡಿಬಿಡಿಯಾಗಿ ಸಣ್ಣ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ನೀರು ಕೆಳಗೆ ಇಳಿಯುವುದಿಲ್ಲ. ಹೊಲಕ್ಕೆ ಶಾಪವಾದ ಈ ಗುಣವೇ ಮಾಳಿಗೆಗೆ ವರ. ಸೋಡಿಯಂ ಎಂಬ ಹೆಸರು ಕೇಳದಿದ್ದ ನಮ್ಮ ಹಿರಿಯರು ಇದನ್ನು ನೋಡಿ ನೋಡಿಯೇ ಕಂಡುಕೊಂಡರು. ಇದು ವಿಜ್ಞಾನ ಅಲ್ಲೇನ್ರಿ?

ನಮ್ಮ ಜಿಲ್ಲೆಯ ಮೂಡಣ ಭಾಗದಲ್ಲಿ ಮಾಳಿಗೆ ಮನೆಗಳಾದರೆ, ಮಳೆ ಹೆಚ್ಚಿರುವ ಪಡುವಣ ಭಾಗದಲ್ಲಿ ಹೆಂಚಿನ ಮನೆಗಳು ಹೆಚ್ಚು. ಹಳೆಯ ನಾಡಹೆಂಚನ್ನು ಕುಂಬಾರರು ತಿಗರಿಯ ಮೇಲೆ ಕೊಳವೆಯಂತೆ ಎತ್ತಿ, ಉದ್ದಕ್ಕೆ ಎರಡು ಹೋಳು ಮಾಡಿ ಸುಡುತ್ತಿದ್ದರು. ಆಮೇಲೆ ಮಂಗಳೂರು ಹೆಂಚು ಬಂತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ತೆರೆದರು. ಅದನ್ನು ಕಟ್ಟಿದ ಪ್ಲೆಬ್ಸ್ಟ್ ಎಂಬವರ ಹೆಸರು ಪುಸ್ತಕಗಳಲ್ಲಿದೆ. ಆದರೆ ಅಂಥ ಕಾರ್ಖಾನೆಗಳಲ್ಲಿ ಮಣ್ಣು ಹೊತ್ತು, ಹಸಿ ಹೆಂಚು ಸಾಗಿಸಿ ದುಡಿದ ನೂರಾರು ಹೆಣ್ಣುಮಕ್ಕಳ ಹೆಸರು ಎಲ್ಲಿಯೂ ಇಲ್ಲ.

ಹೆಣ್ಣುಮಕ್ಕಳ ಪಾಲು

ಮಾಳಿಗೆ ಎಂದ ಕೂಡಲೇ ಗಂಡಸರ ಕೆಲಸ ಎನ್ನುತ್ತೇವೆ. ನಿಜವಾಗಿ ಲೆಕ್ಕ ಹಾಕಿ. ಸವಳು ಮಣ್ಣು ಎಲ್ಲಿ ಸಿಗುತ್ತದೆ ಎಂದು ಬಲ್ಲವರು ಯಾರು? ಅದನ್ನು ಬುಟ್ಟಿಯಲ್ಲಿ ಹೊತ್ತು ತಂದವರು ಯಾರು? ಹೊಟ್ಟು, ಸಗಣಿ ಕೂಡಿಸಿ ಹದ ನೋಡಿದವರು, ಗೋಡೆ ಸಾರಿಸಿದವರು, ಮಳೆ ಬಂದ ರಾತ್ರಿ ಎದ್ದು ಬೆಳಕಿಂಡಿ ಮುಚ್ಚಿದವರು, ಎಲ್ಲಿ ಹನಿ ಬಿತ್ತು ಎಂದು ಗುರುತು ಇಟ್ಟುಕೊಂಡು ಮರುದಿನ ಹೇಳಿದವರು ಯಾರು? ಎಲ್ಲ ನೀವೇ. ಮೇಲೆ ನಿಂತು ದಮ್ಮಸು ಮಾಡಿದವನು ಕಸುಬುದಾರ ಎನಿಸಿಕೊಂಡ. ಕೆಳಗೆ ನಿಂತು ಹದ ಹೇಳಿದವಳು 'ಕೈಯಾಳು' ಎನಿಸಿಕೊಂಡಳು. ಕೂಲಿಯಲ್ಲೂ ಅದೇ ವ್ಯತ್ಯಾಸ. ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ಕಾನೂನು ಈ ದೇಶದಲ್ಲಿ 1976ರಲ್ಲೇ ಬಂತು. ಹದ ಮಾಡುವ ವಿದ್ಯೆಗೆ ನಾವು ಇನ್ನೂ ಬೆಲೆ ಕಟ್ಟಿಲ್ಲ.

ವಿದ್ಯೆ ಹೋದರೆ ಏನಾಗುತ್ತದೆ?

ಇದು ಬರೀ ಹಳೆಯದರ ಮೇಲಿನ ಮೋಹದ ಮಾತಲ್ಲ. ಇದರಲ್ಲಿ ಜೀವದ ಪ್ರಶ್ನೆ ಇದೆ.

2019ರ ಆಗಸ್ಟ್ ತಿಂಗಳ ನೆರೆಯಲ್ಲಿ ನಮ್ಮ ಜಿಲ್ಲೆಯಲ್ಲಿ ಎಷ್ಟು ಮನೆಗಳು ಬಿದ್ದವು ಎಂಬುದನ್ನು ನೀವೇ ನೋಡಿದ್ದೀರಿ. 2024ರ ಜುಲೈ ಮಳೆಯಲ್ಲಿ ಸವಣೂರು ತಾಲೂಕಿನಲ್ಲಿ ಹಳೆಯ ಮನೆ ಕುಸಿದು ಎಳೆಯ ಮಕ್ಕಳೂ ಸೇರಿ ಒಂದೇ ಮನೆಯ ಮೂವರು ತೀರಿಕೊಂಡರು. ಇಂಥ ಸುದ್ದಿ ಬಂದಾಗ "ಮಣ್ಣಿನ ಮನಿ, ಬೀಳೂದೇ" ಎಂದು ಹೇಳಿ ಮುಗಿಸುತ್ತೇವೆ. ನೆರೆ ನೀರು ಗೋಡೆಯ ಬುಡಕ್ಕೆ ನಿಂತರೆ ಮಣ್ಣಿನ ಗೋಡೆ ತಾಳದು, ಅದು ನಿಜ. ಆದರೆ ನೆರೆ ಬಾರದ ಊರಲ್ಲೂ ಮಾಳಿಗೆ ಬೀಳುತ್ತದೆ. ಅದಕ್ಕೆ ಬಹಳ ಸಲ ಕಾರಣ ಆರೈಕೆ ತಪ್ಪಿದ್ದು.

ಒಂದು ಲೆಕ್ಕ ಹೇಳುತ್ತೇನೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯ ಮೇಲೆ ಅರ್ಧ ಅಡಿ ಮಣ್ಣು ಇದ್ದರೆ ಅದರ ಭಾರ ಸುಮಾರು 25 ಕ್ವಿಂಟಾಲ್. ಅದರ ಮೇಲೆ ಒಂದೇ ಒಂದು ಇಂಚು ಮಣ್ಣು ಹೆಚ್ಚಾದರೆ ಇನ್ನೂ 4 ಕ್ವಿಂಟಾಲ್ ಕೂಡಿತು. ಸೋರಿದಾಗಲೆಲ್ಲ ಹಳೆಯದನ್ನು ತೆಗೆಯದೆ ಮೇಲೆ ಮೇಲೆ ಮಣ್ಣು ಹಾಕುತ್ತ ಹೋದರೆ ಹತ್ತು ವರ್ಷದಲ್ಲಿ ಎಷ್ಟಾಯಿತು? ಕೆಳಗಿನ ಜಂತಿ ಮಾತ್ರ ಅಜ್ಜನ ಕಾಲದ್ದು, ಗೆದ್ದಲು ತಿಂದದ್ದು. ಕಸುಬು ಬಲ್ಲವರು ಮೊದಲು ಹಳೆಯ ಪದರ ಕೆರೆದು ತೆಗೆಯುತ್ತಾರೆ, ಜಂತಿ ತಟ್ಟಿ ನೋಡುತ್ತಾರೆ, ಟೊಳ್ಳಾಗಿದ್ದರೆ ಬದಲಿಸಲು ಹೇಳುತ್ತಾರೆ, ಆಮೇಲೆ ಮಣ್ಣು ಹಾಕುತ್ತಾರೆ. ಗೊತ್ತಿಲ್ಲದವರು ನಾಲ್ಕು ಬುಟ್ಟಿ ಸುರಿದು ಕೂಲಿ ತೆಗೆದುಕೊಂಡು ಹೋಗುತ್ತಾರೆ. ಬಲ್ಲವರನ್ನು ಕಳೆದುಕೊಂಡರೆ ನಮಗೆ ಉಳಿಯುವುದು ಮಾಳಿಗೆಯ ಭಾರ ಮಾತ್ರ.

ನಮ್ಮ ಜಿಲ್ಲೆಯವರೇ ಆದ ಶಿಶುನಾಳ ಶರೀಫರು (1819-1889) ಸೋರುವ ಮಾಳಿಗೆಯನ್ನೇ ಹಿಡಿದು ತತ್ವಪದ ಕಟ್ಟಿದರು. ಮಾಳಿಗೆ ಆರೈಕೆ ಮಾಡದಿದ್ದರೆ ಏನಾಗುತ್ತದೆ ಎಂಬುದು ಅಂದಿನ ಕೇಳುಗರಿಗೆಲ್ಲ ಮನೆಯ ಅನುಭವ. ಅದಕ್ಕೇ ಆ ಪದದ ಒಳ ಅರ್ಥ ಅವರಿಗೆ ನೇರ ನಾಟಿತು.

ಆರ್‌ಸಿಸಿ ಮನೆ ಕಟ್ಟಬೇಡಿ, ಎಲ್ಲರೂ ಮಾಳಿಗೆಗೆ ಮರಳಿ ಎಂದು ನಾನು ಹೇಳುತ್ತಿಲ್ಲ. ಅನುದಾನ ಸಿಕ್ಕರೆ, ಕೈಯಲ್ಲಿ ಹಣ ಇದ್ದರೆ ಗಟ್ಟಿ ಮನೆ ಕಟ್ಟಿರಿ. ಆದರೆ ಇವತ್ತು ರಾತ್ರಿ ಮಾಳಿಗೆಯ ಕೆಳಗೆ ಮಲಗುವ ಕುಟುಂಬಗಳು ಇವೆ. ಅವರಿಗೆ ಬಲ್ಲವರ ಕೈ ಬೇಕು.

ಬೇರೆ ಕಡೆ ಮನ್ನಣೆ ಹೇಗೆ ಸಿಕ್ಕಿತು?

ಛಾವಣಿ ಕೆಲಸಕ್ಕೆ ಯಾರಾದರೂ ಮನ್ನಣೆ ಕೊಡುತ್ತಾರೇನು ಎಂದು ಕೇಳಬಹುದು. ಕೊಟ್ಟಿದ್ದಾರೆ.

ಜಪಾನ್ ದೇಶದಲ್ಲಿ ಮರದ ಕಟ್ಟಡಗಳನ್ನು ಕಾಪಾಡುವ ಸಾಂಪ್ರದಾಯಿಕ ಕೌಶಲಗಳನ್ನು ಯುನೆಸ್ಕೊ ಸಂಸ್ಥೆ 2020ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಒಟ್ಟು 17 ಕೌಶಲಗಳು. ಅದರಲ್ಲಿ ಹುಲ್ಲಿನ ಛಾವಣಿ ಹೊದಿಸುವುದು, ಹೆಂಚು ಹೊದಿಸುವುದು, ಮರದ ತೊಗಟೆಯ ಛಾವಣಿ ಹಾಕುವುದು, ಮಣ್ಣಿನ ಗಿಲಾವು ಮಾಡುವುದು ಸೇರಿವೆ. ಕಟ್ಟಡಕ್ಕೆ ಕೊಡುವ ಗೌರವ ಬೇರೆ. ಇಲ್ಲಿ ಕೈಯಲ್ಲಿರುವ ವಿದ್ಯೆಗೇ ಗೌರವ ಸಿಕ್ಕಿತು.

ಅದೇ ದೇಶದ ಶಿರಕಾವಾ ಎಂಬ ಊರಿನ ಕಡಿದಾದ ಹುಲ್ಲಿನ ಛಾವಣಿಯ ಮನೆಗಳು 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿ 30-40 ವರ್ಷಕ್ಕೊಮ್ಮೆ ಹುಲ್ಲು ಬದಲಿಸಬೇಕು. ಒಂದು ಮನೆಯವರಿಂದ ಆಗದ ಕೆಲಸ ಅದು. ಊರವರೆಲ್ಲ ಕೂಡಿ ಒಬ್ಬರ ಮನೆಗೆ ಹೊದಿಸುತ್ತಾರೆ, ಮುಂದೆ ಅವರು ಇವರ ಮನೆಗೆ ಬರುತ್ತಾರೆ. ಇದಕ್ಕೆ ಅಲ್ಲಿ 'ಯುಯಿ' ಎನ್ನುತ್ತಾರೆ. ನಮ್ಮಲ್ಲಿ ಏನೆನ್ನುತ್ತೇವೆ? ಮುಯ್ಯಿ, ಮುಯ್ಯಾಳು! ಕಳೆ ತೆಗೆಯಲಿಕ್ಕೆ, ರಾಶಿ ಮಾಡಲಿಕ್ಕೆ ಮುಯ್ಯಾಳು ಹೋಗುವುದು ನಿಮಗೆ ಹೊಸದಲ್ಲ. ಸಂಘ ಕಟ್ಟಿದ್ದೂ ಅದೇ ಗುಣದ ಮೇಲೆ.

ನಮ್ಮ ದೇಶಕ್ಕೆ ಬರೋಣ. ಹಿಮಾಚಲ ಪ್ರದೇಶದ ಕಾಂಗ್ರಾ ಕಣಿವೆಯಲ್ಲಿ ದೀದಿ ಕಾಂಟ್ರ್ಯಾಕ್ಟರ್ ಎಂಬ ಹಿರಿಯ ಮಹಿಳೆ ಇದ್ದರು. ವಾಸ್ತುಶಿಲ್ಪದ ಪದವಿ ಓದಿದವರಲ್ಲ. ಹಸಿ ಇಟ್ಟಿಗೆ, ಬಿದಿರು, ಸ್ಲೇಟು ಕಲ್ಲಿನ ಛಾವಣಿ ಇವುಗಳಿಂದ ಆ ಸೀಮೆಯ ಪದ್ಧತಿಯಲ್ಲೇ ಮನೆ ಕಟ್ಟಿಸಿದರು, ಅನೇಕರಿಗೆ ಕಲಿಸಿದರು. 2019ರ ಮಾರ್ಚ್ 8ರಂದು, ಮಹಿಳಾ ದಿನದಂದೇ, ರಾಷ್ಟ್ರಪತಿಗಳು ಅವರಿಗೆ ನಾರಿ ಶಕ್ತಿ ಪುರಸ್ಕಾರ ಕೊಟ್ಟರು. ಆಗ ಅವರಿಗೆ ಸುಮಾರು 90 ವರ್ಷ. 2021ರಲ್ಲಿ ತೀರಿಕೊಂಡರು. ಅವರಿಂದ ಕಲಿತವರು ಇಂದಿಗೂ ಕಟ್ಟುತ್ತಿದ್ದಾರೆ.

ಕೇರಳದಲ್ಲಿ ಲಾರಿ ಬೇಕರ್ ಎಂಬವರು ಬಡವರಿಗೆ ಕಡಿಮೆ ಖರ್ಚಿನ ಮನೆ ಕಟ್ಟಿದ್ದಕ್ಕೆ 1990ರಲ್ಲಿ ಪದ್ಮಶ್ರೀ ಪಡೆದರು. ಅವರು ಹಳೆಯ ಮಂಗಳೂರು ಹೆಂಚನ್ನು ಬಿಸಾಡದೆ ಕಾಂಕ್ರೀಟ್ ಸ್ಲ್ಯಾಬಿನ ಒಳಗೆ ಕೂಡಿಸುತ್ತಿದ್ದರು. ಇದರಿಂದ ಕಾಂಕ್ರೀಟು, ಕಬ್ಬಿಣ ಎರಡೂ ಉಳಿಯುತ್ತವೆ. ಮನೆ ಬಿಚ್ಚಿಸುವಾಗ ಹೆಂಚನ್ನು ಚಿಲ್ಲರೆ ದುಡ್ಡಿಗೆ ಕೊಡುವ ಮೊದಲು ಇದು ನೆನಪಿರಲಿ. ಆದರೆ ಈ ಕೆಲಸವನ್ನು ಬಲ್ಲ ಎಂಜಿನಿಯರ್ ನೋಡಿಯೇ ಮಾಡಿಸಬೇಕು.

ನಮ್ಮ ಮಗ್ಗುಲಲ್ಲೇ ಇರುವ ಪಾಠ

ಬ್ಯಾಡಗಿ ಮೆಣಸಿನಕಾಯಿಯ ಕಥೆ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಖಾರ ಕಡಿಮೆ, ಬಣ್ಣ ಹೆಚ್ಚು, ಮೈ ಸುಕ್ಕು. ಕಡ್ಡಿ ಯಾವುದು, ಡಬ್ಬಿ ಯಾವುದು ಎಂದು ನೀವು ನೋಡಿದ ಕೂಡಲೇ ಹೇಳುತ್ತೀರಿ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಅದು ಹೇಗೆ ಸಿಕ್ಕಿತು? ಈ ಬೆಳೆ ಎಲ್ಲಿಯದು, ಹೇಗೆ ಬೆಳೆಯುತ್ತಾರೆ, ಇದರ ಗುಣ ಏನು ಎಂಬುದನ್ನು ಬರೆದು, ದಾಖಲೆ ಕೊಟ್ಟಿದ್ದರಿಂದ. ಬಾಯಿ ಮಾತಿನಲ್ಲೇ ಉಳಿದಿದ್ದರೆ ಸಿಗುತ್ತಿರಲಿಲ್ಲ. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೂ 2010ರಲ್ಲಿ ಅದೇ ಗುರುತು ಸಿಕ್ಕಿತು. ಮನೆಯೊಳಗೆ ಅಜ್ಜಿ ಮೊಮ್ಮಗಳಿಗೆ ಕಲಿಸಿದ ಸೂಜಿ ಕೆಲಸ ಅದು.

ಶಿಗ್ಗಾವಿ ತಾಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗಿರುತ್ತೀರಿ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ನಮ್ಮ ಹಳ್ಳಿಯ ಬದುಕನ್ನೇ ಅಲ್ಲಿ ಮೂರ್ತಿಗಳಲ್ಲಿ ನಿಲ್ಲಿಸಿದರು. ಅದೇ ಗೊಟಗೋಡಿಯಲ್ಲಿ 2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಶುರುವಾಯಿತು. ಹಾಡು, ಕುಣಿತದಂತೆ ಮನೆ ಕಟ್ಟುವ ಕಸುಬೂ ಜನಪದ ವಿದ್ಯೆಯೇ. ನಮ್ಮ ಊರಿನ ಮಾಳಿಗೆ ಅಜ್ಜ-ಅಜ್ಜಿಯರ ವಿದ್ಯೆಯನ್ನು ಬರೆದುಕೊಂಡು ಅಲ್ಲಿಗೆ ಒಯ್ದು ಕೊಟ್ಟರೆ ಅದು ದಾಖಲೆಯಾಗಿ ಉಳಿದೀತು.

ಮನ್ನಣೆ ಎಂದರೆ ಮೂರು

ಶಾಲು, ಹಾರ, ಫಲಕ ಬೇಡ ಎನ್ನುವುದಿಲ್ಲ. ಮುದುಕರಿಗೆ ಅದರಿಂದ ಬಹಳ ಸಂತೋಷ. ಆದರೆ ಶಾಲು ಹೊದ್ದು ಮನೆಗೆ ಹೋದ ಮೇಲೆ ಅವರನ್ನು ಯಾರೂ ಕೆಲಸಕ್ಕೆ ಕರೆಯದಿದ್ದರೆ, ವಿದ್ಯೆ ಅವರ ಜೋಡಿ ಮಣ್ಣಿಗೆ ಹೋಗುತ್ತದೆ. ನನ್ನ ತಿಳಿವಳಿಕೆಯಲ್ಲಿ ನಿಜವಾದ ಮನ್ನಣೆ ಮೂರು: ಅವರ ಹೆಸರು ಬರಹದಲ್ಲಿ ಇರಬೇಕು, ಅವರ ಕೆಲಸಕ್ಕೆ ಕಸುಬುದಾರರ ಕೂಲಿ ಸಿಗಬೇಕು, ಅವರ ಕೈಕೆಳಗೆ ಕಲಿಯುವವರು ಇರಬೇಕು. ಈ ಮೂರನ್ನೂ ಸಂಘದವರು ಮಾಡಬಹುದು.

1. ಮುಂದಿನ ವಾರದ ಸಭೆಯಲ್ಲೇ ಕೇಳಿರಿ: ನಮ್ಮ ಓಣಿಯಲ್ಲಿ ಮಾಳಿಗೆ, ಹೆಂಚು, ಹುಲ್ಲಿನ ಕೆಲಸ ಬಲ್ಲವರು ಯಾರು? ಗಂಡಸರ ಹೆಸರಿನ ಪಕ್ಕದಲ್ಲಿ ಹದ ಬಲ್ಲ ಹೆಂಗಸರ ಹೆಸರನ್ನೂ ನಡಾವಳಿ ಪುಸ್ತಕದಲ್ಲಿ ಬರೆಯಿರಿ.

2. ಓದು ಬರಹ ಬಲ್ಲ ಒಬ್ಬ ಹುಡುಗಿ ಅವರ ಹತ್ತಿರ ಕೂತು ಬರೆದುಕೊಳ್ಳಲಿ. ಯಾವ ಮಣ್ಣು, ಎಲ್ಲಿಯದು, ಎಷ್ಟು ಪಾಲು, ಯಾವ ತಿಂಗಳು, ಎಷ್ಟು ದಪ್ಪ. ಫೋನಿನಲ್ಲಿ ಚಿತ್ರ ತೆಗೆಯುವುದಾದರೆ ಅವರ ಒಪ್ಪಿಗೆ ಕೇಳಿ ತೆಗೆಯಿರಿ.

3. ಸಂಘದ ಸದಸ್ಯೆಯರ ಮನೆ ಮಾಳಿಗೆ ಕೆಲಸಕ್ಕೆ ಅವರನ್ನೇ ಕರೆಯಿರಿ. ಗೌಂಡಿಗೆ ಕೊಡುವ ಕೂಲಿಯನ್ನೇ ಕೊಡಿರಿ. ಹದ ಮಾಡುವ ಅಕ್ಕನಿಗೂ ಅದೇ ಕೂಲಿ.

4. ರೋಹಿಣಿ ಮಳೆ ಬರುವುದರೊಳಗೆ ಪ್ರತಿ ವರ್ಷ ಒಂದು ದಿನ ಇಟ್ಟುಕೊಳ್ಳಿರಿ. ಅವತ್ತು ಮುಯ್ಯಾಳಿನ ಮೇಲೆ ಒಬ್ಬ ವಿಧವೆಯ ಅಥವಾ ವಯಸ್ಸಾದವರ ಮನೆ ಮಾಳಿಗೆ ಸರಿ ಮಾಡಿರಿ. ಹುಡುಗ-ಹುಡುಗಿಯರು ನೋಡಿ ಕಲಿಯಲಿ. ಗೋಡೆ ಬಿರುಕು ಬಿಟ್ಟಿದ್ದರೆ, ತೊಲೆ ಬಾಗಿದ್ದರೆ ಮಾತ್ರ ಮೇಲೆ ಯಾರನ್ನೂ ಹತ್ತಿಸಬೇಡಿ. ಆ ಮನೆಯವರನ್ನು ಮೊದಲು ಹೊರಗೆ ಕರೆತಂದು ಗ್ರಾಮ ಪಂಚಾಯಿತಿಗೆ ತಿಳಿಸಿರಿ.

5. ಸರ್ಕಾರದ ಗುರುತು ಪಡೆಯಲು ಯತ್ನಿಸಿರಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಗಿ, ಕುಂಬಾರ, ಗೌಂಡಿ ಅದರಲ್ಲಿದ್ದಾರೆ. ಪ್ರಮಾಣಪತ್ರ, ಗುರುತಿನ ಚೀಟಿ, ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಮೊದಲ ಕಂತಿನಲ್ಲಿ ಶೇಕಡಾ 5ರ ಬಡ್ಡಿಗೆ ಒಂದು ಲಕ್ಷದವರೆಗೆ ಸಾಲ, ಇವು ಅದರ ಸೌಲಭ್ಯಗಳು. 'ಮಾಳಿಗೆ ಹಾಕುವವರು', 'ಹುಲ್ಲು ಹೊದಿಸುವವರು' ಎಂಬ ಹೆಸರು ಆ 18ರಲ್ಲಿ ಇಲ್ಲ. ಅದನ್ನೂ ಸೇರಿಸಿ ಎಂದು ಒಕ್ಕೂಟದಿಂದ ಠರಾವು ಮಾಡಿ ಕಳಿಸೋಣ. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ 18ರಿಂದ 60 ವರ್ಷದೊಳಗಿನವರು, ಹೆಂಗಸರೂ ಸೇರಿ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಅರ್ಜಿ ಹಾಕುವ ಮೊದಲು ಪಂಚಾಯಿತಿಯಲ್ಲಿ, ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿರಿ. ದಲ್ಲಾಳಿಗಳ ಕೈಗೆ ದುಡ್ಡು ಕೊಡಬೇಡಿರಿ.

6. ಸಂಘದ ವಾರ್ಷಿಕೋತ್ಸವದಲ್ಲಿ ಸನ್ಮಾನ ಮಾಡುವಾಗ ಗಂಡ-ಹೆಂಡತಿ ಇಬ್ಬರನ್ನೂ ವೇದಿಕೆಗೆ ಕರೆಯಿರಿ. ಇಬ್ಬರ ಹೆಸರನ್ನೂ ಮೈಕಿನಲ್ಲಿ ಹೇಳಿರಿ.

ಅಕ್ಕಂದಿರೆ, ಹತ್ತು ರೂಪಾಯಿ ಉಳಿತಾಯದಿಂದ ಶುರು ಮಾಡಿದ ಸಂಘಗಳು ಇಂದು ಬ್ಯಾಂಕಿನವರು ಕುರ್ಚಿ ಕೊಟ್ಟು ಕೂರಿಸುವಷ್ಟು ಬೆಳೆದಿವೆ. ನಿಮ್ಮ ದುಡಿಮೆಗೆ ಲೆಕ್ಕ ಬರೆಯಲು ಶುರು ಮಾಡಿದ ಮೇಲೆಯೇ ಈ ಗೌರವ ಬಂತು. ಅದೇ ಪುಸ್ತಕದಲ್ಲಿ ಇನ್ನು ನಾಲ್ಕು ಹೆಸರು ಬರೆಯಲು ಒಂದು ಪುಟ ಸಾಕು. ಪ್ರಶಸ್ತಿ ದಿಲ್ಲಿಯಿಂದ ಬಂದಾಗ ಬರಲಿ. ನಮ್ಮ ಊರಿನ ಮನ್ನಣೆಯನ್ನು ನಾವೇ ಕೊಡಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಇಲ್ಲಿಂದ ಹೋಗುವ ಮುಂಚೆ ಪ್ರತಿ ಸಂಘದ ಪ್ರತಿನಿಧಿಯವರು ತಮ್ಮ ಊರಿನ ಒಬ್ಬರ ಹೆಸರನ್ನಾದರೂ ಇಲ್ಲಿಟ್ಟಿರುವ ಹಾಳೆಯಲ್ಲಿ ಬರೆದು ಹೋಗಬೇಕೆಂದು ಕೇಳಿಕೊಳ್ಳುತ್ತೇನೆ. ಬರೆಯಲು ಬಾರದವರು ಹೇಳಿರಿ, ಪಕ್ಕದ ತಂಗಿ ಬರೆಯುತ್ತಾಳೆ.